ಎಡಗೈ ಹಿಂದಿನ ಚಕ್ರಕ್ಕೆ

ನವೆಂಬರ್ 8, ಶುಕ್ರವಾರ

ಅನ್ಯಾಯ ನಡೆದದ್ದು ನಿನ್ನೆ, ಗುರುವಾರ ಬೆಳಿಗ್ಗೆ. ಕ್ರೀಡಾಂಗಣದ ಬಾಗಿಲಲ್ಲಿರುವ ನಮ್ಮ ಸೈಕಲ್ ಕ್ಲಬ್ಬಿನ ಸೂಚನಾ ಫಲಕದಲ್ಲಿ, ಈಜುಕೊಳದ ವೇಳಾಪಟ್ಟಿಯ ಪಕ್ಕ, ಹೀಗೊಂದು ಹಾಳೆ ಅಂಟಿಸಿ ಗಾಜಿನ ಬಾಗಿಲಿಗೆ ಬೀಗ ಹಾಕಿದ್ದಾರೆ: "ಭಾನುವಾರದ ಸ್ಪರ್ಧೆಯಲ್ಲಿ ನಡೆದ ಅಪಘಾತಕ್ಕೆ, ಹಳೆಯ ಮಾದರಿಯ ಬ್ರೇಕಿಗೆ ಒಗ್ಗಿಹೋದ ಹಿರಿಯ ಸದಸ್ಯೆಯೊಬ್ಬರ ಕೈತಪ್ಪೇ ಕಾರಣ. ಮುಂದಿನ ಸ್ಪರ್ಧೆಯಿಂದ ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್‌ಗಳಿಗೆ ಪ್ರವೇಶವಿಲ್ಲ. ಕಾರ್ಯದರ್ಶಿ."

ಹೆಸರು ಹಾಕಿಲ್ಲ. ಹಾಕಬೇಕಾದ ಅಗತ್ಯವಾದರೂ ಏನು? ಆ ಭಾನುವಾರ ಬಿದ್ದು ಎಡ ಹೆಗಲಿನ ಮೂಳೆ ಮುರಿದುಕೊಂಡವಳು ನಾನೊಬ್ಬಳೇ. ಕ್ಲಬ್ಬಿನಲ್ಲಿ ಹಿರಿಯ ಸದಸ್ಯೆ ಎನ್ನಿಸಿಕೊಳ್ಳುವ ಪುಣ್ಯವೂ ನನ್ನೊಬ್ಬಳದೇ.

ನಡೆದದ್ದನ್ನು ಬರೆದಿಡುತ್ತೇನೆ. ಮೂವತ್ತು ವರ್ಷದಿಂದ ಶಾಲೆಯಲ್ಲಿ ಚರಿತ್ರೆ ಕಲಿಸುವವಳು. ಗೆದ್ದವರು ಬರೆಸಿದ ಶಾಸನವನ್ನಷ್ಟೇ ನಂಬಿದರೆ ಏನಾಗುತ್ತದೆಂದು ಬಲ್ಲೆ.

ಸೈಕ್ಲೋಕ್ರಾಸ್ ಎಂದರೆ ನಮ್ಮ ಯಜಮಾನರಿಗೆ ಇವತ್ತಿಗೂ ನಗು. "ಸೈಕಲ್ ಇರೋದು ಕೂತ್ಕೊಂಡು ಹೋಗೋಕೆ. ನೀವು ಅದನ್ನ ಹೆಗಲ ಮೇಲೆ ಹೊತ್ಕೊಂಡು ಓಡ್ತೀರಲ್ಲ!" ಇವರು ಊರೊಳಗಿನ ಬಸ್ ಓಡಿಸುವವರು, ಕೆಸರು ಕಂಡರೆ ಆಗದು. ಆದರೆ ಆಟವೇ ಅದು. ಹುಲ್ಲು, ಕೆಸರು, ಇಳಿಜಾರು, ನಡುನಡುವೆ ದಾರಿಗಡ್ಡ ಮೊಣಕಾಲೆತ್ತರದ ಹಲಗೆಗಳು. ಹಲಗೆ ಹತ್ತಿರ ಬಂದಾಗ ಓಡುತ್ತಿರುವ ಸೈಕಲ್‌ನಿಂದಲೇ ಇಳಿದು, ಅದನ್ನು ಎತ್ತಿಕೊಂಡು ಹಲಗೆ ಹಾರಿ, ಮತ್ತೆ ಏರಬೇಕು. ಸೈಕಲ್‌ಗೆ ಕೆಸರು ಮೆತ್ತಿದರೆ ದಾರಿಯಲ್ಲೊಂದು ಬದಲಿ ಜಾಗವಿದೆ. ಅಲ್ಲಿ ನಮ್ಮದನ್ನು ಬಿಟ್ಟು ಕ್ಲಬ್ಬಿನದೊಂದನ್ನು ಹಿಡಿದು ಹೊರಡಬಹುದು.

ಆ ದಿನ ನನ್ನದರ ಗೇರಿಗೆ ಹುಲ್ಲು ಸುತ್ತಿಕೊಂಡಿತ್ತು. ಕ್ಲಬ್ಬಿನ ಸೈಕಲ್ ಹಿಡಿದೆ. ಹೊಸದು, ಸೀಟಿನ ಕೆಳಗೆ ಹಳದಿ ಪಟ್ಟಿ ಅಂಟಿಸಿದ್ದು. ಮೊದಲ ಹಲಗೆಯ ಹತ್ತಿರ ಎಂದಿನಂತೆ ಕಾಲು ಹಿಂದಿನಿಂದ ತಂದು ಇಳಿಯಲು ಹೊರಟೆ, ಬ್ರೇಕ್ ಹಿಡಿದೆ. ಮುಂದಿನ ಚಕ್ರ ಗೂಟ ಹೊಡೆದ ಹಾಗೆ ನಿಂತಿತು. ನಾನು ನಿಲ್ಲಲಿಲ್ಲ.

ಆ ಸೈಕಲ್‌ಗೆ ಇದ್ದದ್ದು ಡಿಸ್ಕ್ ಬ್ರೇಕೇ. ಡಿಸ್ಕ್ ಬ್ರೇಕಿನ ಮೇಲಿಂದ ಬಿದ್ದವಳಿಗೆ ಹಳೆಯ ಬ್ರೇಕಿನ ಆಪಾದನೆ!

ಕೆಸರಲ್ಲಿ ಬಿದ್ದು ಒದ್ದಾಡುತ್ತಿದ್ದಾಗ ಆ ಬೇಕರಿಯವಳು, ಈ ವರ್ಷ ತಾನೇ ಕ್ಲಬ್ ಸೇರಿದವಳು, "ದಾರಿ ಬಿಡಿ ಅಜ್ಜೀ!" ಎಂದು ಕೂಗುತ್ತ ನನ್ನ ಪಕ್ಕದಿಂದ ಹೋದಳು. ಅದನ್ನೂ ಮರೆತಿಲ್ಲ.

ತೀರ್ಮಾನ ಇಷ್ಟು. ಆ ಹಾಳೆ ಕಿತ್ತು, ಎಲ್ಲರೆದುರು ನನ್ನ ಕ್ಷಮೆ ಕೇಳುವವರೆಗೂ ನನ್ನ ಹಳೆಯ ಸೈಕಲ್‌ನ ಬ್ರೇಕಿನ ಒಂದು ಸ್ಕ್ರೂ ಸಹ ಬದಲಿಸುವುದಿಲ್ಲ.

ನವೆಂಬರ್ 11, ಸೋಮವಾರ

ಶಾಲೆ ಮುಗಿಸಿ ನೇರ ಕಾರ್ಯದರ್ಶಿಯ ಕ್ಲಿನಿಕ್ಕಿಗೆ ಹೋದೆ. ಹಲ್ಲಿನ ಡಾಕ್ಟರು. ಜನರ ಬಾಯಿ ತೆರೆಸುವುದು ಅವರ ಕಸುಬು, ಮುಚ್ಚಿಸುವುದು ಹವ್ಯಾಸ. ನನ್ನನ್ನು ಆ ವಾಲುವ ಕುರ್ಚಿಯಲ್ಲೇ ಕೂರಿಸಿದರು. ಬೇರೆ ಕುರ್ಚಿ ಇರಲಿಲ್ಲವಂತೆ. ಮಲಗಿಕೊಂಡು ಜಗಳ ಆಡುವುದು ಕಷ್ಟ.

"ಬನ್ನಿ ಮೇಡಂ, ಮೂಳೆ ಹೇಗಿದೆ?"

"ಮೂಳೆ ಕೂಡ್ಕೊಳ್ತಾ ಇದೆ. ನಿಮ್ಮ ಮಾತೇ ಒಂದಕ್ಕೊಂದು ಕೂಡ್ತಾ ಇಲ್ಲ. ನಾನು ಬಿದ್ದಿದ್ದು ಕ್ಲಬ್ಬಿನ ಡಿಸ್ಕ್ ಸೈಕಲ್ ಮೇಲಿಂದ. ಹಳೇ ಬ್ರೇಕ್ ಎಲ್ಲಿಂದ ಬಂತು?"

"ಅದನ್ನೇ ಬರೆದಿದೀವಲ್ಲ ಮೇಡಂ. ಹಳೇ ಬ್ರೇಕಿಗೆ ಒಗ್ಗಿದ ಕೈ ಅಂತ. ಅದು ಹಿಡಿಯಲ್ಲ, ನೀವು ಬಲ ಹಾಕಿ ಅಮುಕ್ತೀರಿ. ಡಿಸ್ಕ್‌ಗೆ ಒಂದು ಬೆರಳು ಸಾಕು. ಅಭ್ಯಾಸಬಲ. ಯಾರನ್ನೂ ದೂರ್ತಾ ಇಲ್ಲ."

"ನನ್ನ ಕೈ ಹೇಗೆ ಹಿಡೀತು ಅಂತ ನೀವು ನೋಡಿದ್ರಾ?"

"ಊಹೆ ಅಂತ ಒಂದು ಇರುತ್ತಲ್ಲ."

"ಊಹೆಗೆ ಗಾಜಿನ ಬಾಗಿಲು, ಬೀಗ ಯಾಕೆ ಡಾಕ್ಟ್ರೇ?"

ನಕ್ಕರು. ಅವರ ಹಲ್ಲುಗಳೇನೋ ಚೆನ್ನಾಗಿವೆ.

ಕ್ರೀಡಾಂಗಣದ ಸುತ್ತಿನ ಮರಗಳನ್ನು ಕಡಿದ ವರ್ಷವೂ ಈ ಡಾಕ್ಟರೇ ಇದೇ ಫಲಕದಲ್ಲಿ "ಮರಗಳಿಗೆ ರೋಗ" ಎಂದು ಅಂಟಿಸಿದ್ದರು. ನಾನು ಹೋಗಿ ಬುಡಗಳನ್ನು ನೋಡಿದ್ದೆ. ಒಳಗೆಲ್ಲ ಬೆಳ್ಳಗೆ, ಗಟ್ಟಿಯಾಗಿದ್ದವು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಜನ ಮರೆತರು. ಡಾಕ್ಟರು ಆ ಮರೆವನ್ನೇ ನಂಬಿಕೊಂಡಿದ್ದಾರೆ.

ನವೆಂಬರ್ 14

ಪಾಠದ ಮಧ್ಯೆ ಮಾತು ನಿಲ್ಲಿಸಿ ಜೋಲಿಯಲ್ಲಿರುವ ಎಡಗೈ ನೋಡಿಕೊಂಡೆನಂತೆ. ಹಿಂದಿನ ಬೆಂಚಿನವರು ನಕ್ಕರು. ನಿಜವಾಗಿ ನಾನೇ ಜೋರಾಗಿ ಹಿಡಿದೆನೇ?

ಇಲ್ಲ.

ನವೆಂಬರ್ 17, ಭಾನುವಾರ

ಬೇಕರಿಯವಳು ಮನೆಗೆ ಬಂದಿದ್ದಳು. ಬಾಗಿಲು ತೆರೆದವರು ಇವರು. "ಮೇಷ್ಟ್ರೇ, ನಿಮಗೆ ಬನ್ ಬಂದಿದೆ" ಎಂದು ಒಳಗೆ ಕೂಗಿದರು. ನನಗೆ ಇವರು ಮದುವೆಯಾದ ವರ್ಷದಿಂದ ಇಟ್ಟ ಹೆಸರು ಅದು.

ಅವಳು ಚೀಲ ಮೇಜಿನ ಮೇಲಿಟ್ಟು ಗೋಡೆ ನೋಡುತ್ತ ಹೇಳಿದಳು: "ಅವತ್ತು ಅಜ್ಜಿ ಅಂದುಬಿಟ್ಟೆ. ಕೆಸರಲ್ಲಿ ಮುಖ ಕಾಣ್ಲಿಲ್ಲ ಅಕ್ಕ."

"ಮುಖ ಕಂಡಿದ್ರೆ?"

"ಕಂಡಿದ್ರೆ ಟೀಚರ್ ಅಂತಿದ್ದೆ."

"ದಾರಿ ಬಿಡಿ ಅಂತ ಹೇಗೂ ಹೇಳ್ತಿದ್ದೆ?"

"ಅದು ರೇಸ್ ಅಲ್ವಾ ಅಕ್ಕ!"

ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಸ್ವಲ್ಪ ಬಂತು.

ಅವಳಿಗೆ ಸ್ವಂತ ಸೈಕಲ್ ಇಲ್ಲ. ಹೊಸಬರಿಗೆಂದು ಕ್ಲಬ್ ಕೊಡುವ ಸೈಕಲ್ ಅನ್ನೇ ಓಡಿಸುತ್ತಾಳೆ. ಬದಲಿ ಜಾಗದಲ್ಲಿ ಇಡುವುದೂ ಅದೇ ಸೈಕಲ್‌ಗಳನ್ನು, ಯಾವುದೋ ಕಂಪನಿ ತನ್ನ ಹೆಸರು ಕಾಣಲೆಂದು ಬಿಟ್ಟಿ ಕೊಟ್ಟವು. ಹಲಗೆ ಕಂಡರೆ ಭಯವಂತೆ, ಇಳಿಯುವಾಗ ಸೈಕಲ್ ತನ್ನನ್ನು ಮುಂದಕ್ಕೆ ಎಸೆಯಲು ನೋಡುತ್ತದಂತೆ. "ಅದಕ್ಕೇ ನಾನು ಮೊದಲೇ ಪೂರ್ತಿ ನಿಲ್ಲಿಸಿ, ಇಳಿದು, ಎತ್ಕೊಂಡು ಹೋಗ್ತೀನಿ. ಎಲ್ಲಾ ಬೈತಾರೆ, ಹಿಂದೆ ಸಾಲು ನಿಲ್ಲುತ್ತೆ ಅಂತ."

ಅಭ್ಯಾಸ ಸಾಲದು ಎಂದು ಉಪದೇಶ ಮಾಡಿದೆ. ಬನ್ ಚೆನ್ನಾಗಿತ್ತು.

ನವೆಂಬರ್ 24, ಭಾನುವಾರ

ಮೈದುನನ ಸೈಕಲ್ ಅಂಗಡಿಗೆ ಹೋಗಿದ್ದೆ. ಕೊಳ್ಳಲಿಕ್ಕಲ್ಲ. ಕಾರ್ಯದರ್ಶಿಯ ಜೊತೆ ವಾದ ಮಾಡಬೇಕಾದರೆ ಬ್ರೇಕಿನ ವಿಷಯ ಪೂರ್ತಿ ತಿಳಿದಿರಬೇಕು. ನನ್ನ ಸೈಕಲ್‌ನ ಬ್ರೇಕ್ ಇಪ್ಪತ್ತು ವರ್ಷ ಹಳೆಯದು. ಚಕ್ರದ ಎರಡೂ ಬದಿಗೆ ಗಿಡ್ಡ ತೋಳುಗಳು, ಟೈರಿನ ಮೇಲೆ ಹಾದ ತಂತಿ ಅವನ್ನು ಎಳೆದರೆ ರಬ್ಬರು ರಿಮ್ಮನ್ನು ಹಿಡಿಯುತ್ತದೆ. ಕೆಸರು ಸಿಕ್ಕಿಕೊಳ್ಳುವುದಿಲ್ಲ ಎಂಬುದೊಂದು ದೊಡ್ಡ ಗುಣ. ಹಿಡಿದಾಗ ಕಿರುಚುತ್ತದೆ, ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಫೋರ್ಕು, ಗಡಗಡ ನಡುಗುತ್ತದೆ. ನಾನು ಬರುವುದು ಎಲ್ಲರಿಗೂ ಗೊತ್ತಾಗುತ್ತದೆ.

ಮೈದುನನ ಬಾಯಿ ಅವನ ಅಂಗಡಿಗಿಂತ ದೊಡ್ಡದು. ಸೈಕಲ್ ಎತ್ತಿ ಚಕ್ರ ತಿರುಗಿಸಿ ಬ್ರೇಕ್ ಹಿಡಿದ.

"ಅತ್ತಿಗೆ, ಇದು ಬ್ರೇಕ್ ಅಲ್ಲ, ಮನವಿ ಪತ್ರ. ಚಕ್ರಕ್ಕೆ ಮನಸ್ಸಿದ್ರೆ ನಿಲ್ಲುತ್ತೆ."

"ಇಪ್ಪತ್ತು ವರ್ಷ ನಿಂತಿದೆ."

"ನೀವು ನಿಲ್ಲಿಸಿದೀರಿ. ಅದು ನಿಂತಿಲ್ಲ. ಇನ್ನು ಹತ್ತು ವರ್ಷದಲ್ಲಿ ಈ ನಮೂನೆ ವಸ್ತುಸಂಗ್ರಹಾಲಯದಲ್ಲೂ ಸಿಗಲ್ಲ."

ಹತ್ತು ವರ್ಷದ ಹಿಂದೆಯೂ ಇದನ್ನೇ ಹೇಳಿದ್ದ. ನೆನಪಿಸಿದೆ. ಕೇಳಿಸದವನ ಹಾಗೆ ದಾರಿಗಳನ್ನು ಹೇಳತೊಡಗಿದ. ಹಳೆಯದಕ್ಕೇ ಒಳ್ಳೆಯ ರಬ್ಬರು ಹಾಕಿ, ತಂತಿ ಹಿಡಿಯುವ ಕೊಂಡಿಯನ್ನು ಕೆಳಗೆ ಫೋರ್ಕಿಗೇ ಕೂರಿಸಿದರೆ ನಡುಕ ಹೋಗುತ್ತದೆ. ಉದ್ದ ತೋಳಿನ ಬ್ರೇಕ್ ಹಾಕಿದರೆ ಹಿಡಿತ ಜಾಸ್ತಿ, ಆದರೆ ಅದು ರಿಮ್ಮಿಗೆ ತೀರ ಹತ್ತಿರ ಕೂರುತ್ತದೆ, ಎರಡೇ ಸುತ್ತಿಗೆ ಕೆಸರು ತುಂಬುತ್ತದೆ. ರಿಮ್ಮಿನ ಬದಲು ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬೇಕೆಂದರೆ ಮುಂದಿನ ಫೋರ್ಕನ್ನೇ ಬದಲಿಸಬೇಕು, ಹಳೆಯದರಲ್ಲಿ ಅದನ್ನು ಬಿಗಿಯಲು ಜಾಗವಿಲ್ಲ. ಹಿಂದಕ್ಕಂತೂ ಆಗುವುದೇ ಇಲ್ಲ. ಹಿಂದೆಯೂ ಬೇಕೆಂದರೆ ಸೈಕಲ್ಲೇ ಹೊಸದು.

"ಹೊಸದೇ ತಗೊಳ್ಳಿ ಅತ್ತಿಗೆ. ಅಣ್ಣನ ಹತ್ರ ನಾನು ಮಾತಾಡ್ತೀನಿ."

"ನಿನ್ನ ಅಣ್ಣ ಬಸ್ಸಿಗೆ ಬ್ರೇಕ್ ಹಾಕೋದು ಬಿಟ್ರೆ ನನಗೆ ಯಾವತ್ತೂ ಹಾಕಿಲ್ಲ. ನನಗೆ ಬೇಡ ಅಷ್ಟೇ. ಆ ಹಾಳೆ ಹೇಳಿತು ಅಂತ ಡಿಸ್ಕ್ ಹಾಕಿಸಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ."

"ಬ್ರೇಕಿಗೆ ಅದೆಲ್ಲ ಗೊತ್ತಾಗಲ್ಲ ಅತ್ತಿಗೆ. ಅದಕ್ಕೆ ಗೊತ್ತಿರೋದು ಒಂದೇ, ನಿಲ್ಲಿಸೋದು."

ಡಿಸ್ಕ್ ಚಕ್ರ ಕೂರಿಸಿದ ಹಳೆಯ ಸೈಕಲ್ ಒಂದನ್ನು ಪರೀಕ್ಷೆಗೆಂದು ಮನೆಗೆ ಕಳಿಸಿದ. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಡಿಸೆಂಬರ್ 1, ಭಾನುವಾರ

ಹಿತ್ತಲಲ್ಲಿ ಪರೀಕ್ಷೆ. ಎರಡೂ ಸೈಕಲ್ ತಲೆಕೆಳಗಾಗಿ ನಿಲ್ಲಿಸಿದೆವು. ಇವರು ಮೊದಲು ಬಾಗಿಲಲ್ಲೇ ನಿಂತು, "ಐವತ್ತೈದಕ್ಕೆ ಎಲುಬು ಮುರ್ಕೊಂಡವರು ತೆಪ್ಪಗೆ ಪುಸ್ತಕ ಓದ್ಕೊಂಡು ಇರಬಾರ್ದಾ" ಎನ್ನುತ್ತಿದ್ದರು. ನನ್ನ ಎಡಗೈ ಇನ್ನೂ ಜೋಲಿಯಲ್ಲಿದೆ. ಒಂದು ಕೈಯಲ್ಲಿ ಬಕೆಟ್ಟು, ಕೆಸರು, ಚಕ್ರ ಎಲ್ಲ ನಿಭಾಯಿಸುವುದನ್ನು ನೋಡಲಾಗದೆ ಬಂದರು. ಆಮೇಲೆ ಅವರನ್ನು ಹಿಡಿಯುವವರಿಲ್ಲ.

"ಬರೀ ನೀರು ಹಾಕಿದ್ರೆ ಏನ್ ಗೊತ್ತಾಗುತ್ತೆ? ಮರಳು ಸೇರಿಸು. ಇನ್ನೂ ಸ್ವಲ್ಪ. ನಿಮ್ಮ ದಾರಿ ಹೀಗೇ ಇರುತ್ತಲ್ಲ?"

ಅವರು ಚಕ್ರ ಜೋರಾಗಿ ತಿರುಗಿಸಿ ಕೆಸರು ಸುರಿಯುವುದು, ನಾನು ಬ್ರೇಕ್ ಹಿಡಿಯುವುದು. ನನ್ನ ಹಳೆಯದು ಒಣಗಿದ್ದಾಗ ಚೆನ್ನಾಗಿ ಹಿಡಿಯಿತು. ಕೆಸರು ಬಿದ್ದ ಮೇಲೆ ಮೊದಲು ಜಾರಿತು, ರಿಮ್ಮನ್ನು ಒರೆಸಿಕೊಂಡು ಆಮೇಲೆ ಹಿಡಿಯಿತು. ಡಿಸ್ಕು ಕೆಸರು ಬಿದ್ದರೂ ಬೀಳದಿದ್ದರೂ ಒಂದೇ ಸಮ. ಮತ್ತೆ ಮತ್ತೆ ಮಾಡಿದೆ. ಬೇರೆ ರಬ್ಬರು ಹಾಕಿ ಮಾಡಿದೆ. ಕೆಸರು ಕಮ್ಮಿ ಮಾಡಿ ಸಹ ನೋಡಿದೆ, ನಾಚಿಕೆಯಿಲ್ಲದೆ.

ಕಾರ್ಯದರ್ಶಿಯ ಬಾಯಿಂದ ಬಂದ ಮಾತ್ರಕ್ಕೆ ನಿಜ ಸುಳ್ಳಾಗುವುದಿಲ್ಲ. ಕೆಸರಲ್ಲಿ ಡಿಸ್ಕೇ ಮೇಲು. ಬರೆದೆ. ಬರೆಯುವಾಗ ಪೆನ್ನು ಕಾಗದಕ್ಕೆ ಒತ್ತಿ ತೂತಾಯಿತು.

ಇನ್ನೂ ಒಂದು ಕಂಡಿತು. ಜೋಲಿಯಲ್ಲಿದ್ದ ಎಡಗೈ ಅಲುಗಿದರೆ ನೋಯುತ್ತದೆಂದು ಬಲಗೈಯ ಒಂದೇ ಬೆರಳಲ್ಲಿ ಡಿಸ್ಕ್ ಹಿಡಿದಿದ್ದೆ, ಆಮೇಲೆ ಮುಷ್ಟಿಯಲ್ಲಿ. ಬೇಕಾದಷ್ಟೇ ಹಿಡಿಯಲು ಕೈ ತಕ್ಷಣ ಕಲಿತುಬಿಟ್ಟಿತು. ಹಾಗಾದರೆ ಅಂದು ಅಭ್ಯಾಸಬಲ ಹೇಗಾದೀತು? ಬದಲಿ ಜಾಗದಿಂದ ಹಲಗೆಯವರೆಗೆ ಎರಡು ತಿರುವು ದಾಟಿದ್ದೆ, ಎರಡರಲ್ಲೂ ಬ್ರೇಕ್ ಹಿಡಿದಿದ್ದೆ. ಏನೂ ಆಗಿರಲಿಲ್ಲ. ಬಿದ್ದದ್ದು ಇಳಿಯುವಾಗ.

ಇವರು ಹಿತ್ತಲ ಗೋಡೆಗೆ ಹಾರಿದ ಕೆಸರು ತೊಳೆಯುತ್ತ, "ಮುಂದಿನ ಭಾನುವಾರ ಇಳಿಜಾರಲ್ಲಿ ಮಾಡೋಣ್ವಾ?" ಎಂದು ಕೇಳಿದರು.

ಡಿಸೆಂಬರ್ 8, ಭಾನುವಾರ

ಜೋಲಿ ಹೋಯಿತು. ಮುಂದಕ್ಕೆ ಡಿಸ್ಕ್, ಹಿಂದಕ್ಕೆ ಅದೇ ಹಳೆಯದು ಎಂದು ನಿರ್ಧರಿಸಿದೆ. ಡಿಸ್ಕ್ ಇಲ್ಲದ ಸೈಕಲ್‌ಗೆ ಪ್ರವೇಶವಿಲ್ಲ ಎಂದು ತಾನೆ ಬರೆದಿರುವುದು? ಒಂದು ಇದ್ದರೆ ಇದ್ದಂತೆಯೇ. ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಹಿಡಿಯುವ ಡಿಸ್ಕ್ ಬೇಡ, ಕೇಬಲ್ಲಿನಿಂದ ಎಳೆಯುವುದೇ ಇರಲಿ ಎಂದೆ. ನಾನೇ ಬಿಚ್ಚಿ ಕಟ್ಟುವಂಥದ್ದು ನನಗೆ ಬೇಕು.

"ಸೋತು ಗೆದ್ದಿರೋ, ಗೆದ್ದು ಸೋತಿರೋ ಅತ್ತಿಗೆ?" ಎಂದ ಮೈದುನ.

"ನೀನು ಫೋರ್ಕ್ ನೋಡು."

ಫೋರ್ಕ್ ಕೂತಿತು. ಚಕ್ರ ಕೂತಿತು. ಕೇಬಲ್ ಕೈಯಲ್ಲಿ ಹಿಡಿದು ಕೇಳಿದ: "ಮುಂದಿನ ಬ್ರೇಕು ಎಡಗೈಗೆ ತಾನೆ?"

"ಏನ್ ಕೇಳ್ತಿದೀಯಾ? ಎಡಗೈ ಹಿಂದಿನ ಚಕ್ರಕ್ಕೆ."

"ಹೊರದೇಶದಿಂದ ಪೆಟ್ಟಿಗೆಯಲ್ಲಿ ಬರೋವೆಲ್ಲ ಎಡಗೈ ಮುಂದಕ್ಕೇ ಇರುತ್ತೆ ಅತ್ತಿಗೆ. ಜೋಡಿಸಿ ಜೋಡಿಸಿ ಕೈಗೆ ಅದೇ ರೂಢಿ."

"ರಸ್ತೆಯಲ್ಲಿ ಹೋಗೋರಿಗೆ ಸರಿ. ಕೆಸರಿನ ಓಟದವರು ಹಾಗೆ ಇಟ್ಕೊಂಡ್ರೆ ಹಲ್ಲು ಉಳಿಯಲ್ಲ ಕಣೋ. ನೋಡಿಲ್ಲಿ, ನಾವು ಇಳಿಯೋದು ಎಡಕ್ಕೆ. ಇಳಿಯೋವಾಗ ಬಲಗೈ ಸೈಕಲ್ ಎತ್ತೋಕೆ ಕೆಳಗೆ ಹೋಗುತ್ತೆ. ಬ್ರೇಕ್ ಮೇಲೆ ಉಳಿಯೋದು ಎಡಗೈ ಮಾತ್ರ. ಆ ಎಡಗೈ ಹಿಂದಿನ ಚಕ್ರ ಹಿಡೀಬೇಕು. ಮುಂದಿನದನ್ನ ಹಿಡಿದ್ರೆ..."

ಹ್ಯಾಂಡಲ್‌ನ ಎಡ ಬ್ರೇಕಿನ ಮೇಲೆ ಕೈಯಿಟ್ಟೆ.

"ಹಿಡಿದ್ರೆ?" ಎಂದ.

"ಗೂಟ ಹೊಡೆದ ಹಾಗೆ ನಿಲ್ಲುತ್ತೆ" ಎಂದೆ.

ಅವನು ಸ್ಪ್ಯಾನರ್ ಕೆಳಗಿಟ್ಟ. 

ಡಿಸೆಂಬರ್ 10, ಮಂಗಳವಾರ

ಬೇಕರಿಯವಳಿಗೆ ಹೇಳಿಕಳಿಸಿದೆ. ಕೆಲಸ ಮುಗಿಸಿ, ಕೂದಲಲ್ಲಿ ಹಿಟ್ಟು ಅಂಟಿಸಿಕೊಂಡೇ, ಕ್ಲಬ್ಬಿನ ಸೈಕಲ್ ತಳ್ಳಿಕೊಂಡು ಬಂದಳು. ಹಿತ್ತಲ ಮಣ್ಣಿನಲ್ಲಿ ನಿಲ್ಲಿಸಿ, ಎಡಗೈ ಬ್ರೇಕ್ ಮಾತ್ರ ಹಿಡಿದು ಮುಂದಕ್ಕೆ ತಳ್ಳಿದೆ. ಸೈಕಲ್‌ನ ಹಿಂಭಾಗ ಕತ್ತೆ ಒದ್ದ ಹಾಗೆ ಮೇಲಕ್ಕೆ ಎದ್ದಿತು.

"ಹೀಗೇ ಅಕ್ಕ! ಹಲಗೆ ಹತ್ರ ಹೀಗೇ ಮಾಡುತ್ತೆ ಇದು! ನನಗೇ ಬರಲ್ಲ ಅನ್ಕೊಂಡಿದ್ದೆ."

ನಾನೂ ಹಾಗೇ ಅಂದುಕೊಂಡು ಉಪದೇಶ ಮಾಡಿದ್ದೆ.

ನನ್ನ ಸೈಕಲ್ ತಂದು ಅದೇ ಮಾಡಿ ತೋರಿಸಿದೆ. ಹಿಂದಿನ ಚಕ್ರ ತಿರುಗದೆ ಎಳೆದುಕೊಂಡು ಬಂತು, ಮಣ್ಣಿನ ಮೇಲೆ ಉದ್ದಕ್ಕೆ ಒಂದು ಗೆರೆ ಬಿತ್ತು. ಆ ಗೆರೆ ಕಂಡ ಕೂಡಲೇ ನಮ್ಮ ಹಳೆಯ ತರಬೇತುದಾರರು ಕಣ್ಣ ಮುಂದೆ ಬಂದರು. ಶಿಳ್ಳೆ ಎಂದೇ ಅವರನ್ನು ಕರೆಯುತ್ತಿದ್ದೆವು. ಮಾತಿಗಿಂತ ಹೆಚ್ಚು ಊದುತ್ತಿದ್ದರು. ಪ್ರತಿ ಸ್ಪರ್ಧೆಗೂ ಮುಂಚೆ ಬದಲಿ ಸೈಕಲ್‌ಗಳನ್ನು ಒಂದೊಂದಾಗಿ ಎಡಗೈ ಮಾತ್ರ ಹಿಡಿದು ತಳ್ಳುತ್ತಿದ್ದರು. "ಗೆರೆ ಬಿತ್ತಾ? ಹೊರಡು. ಬೀಳ್ಲಿಲ್ವಾ? ಬಿಚ್ಚು." ಆಗೆಲ್ಲ ಕೇಬಲ್ ಬ್ರೇಕು, ಬಿಚ್ಚಿ ಅದಲುಬದಲು ಮಾಡಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಿತ್ತು. ಅವರು ಹೋದ ಮೇಲೆ ಕಂಪನಿಯ ಹೊಸ ಸೈಕಲ್‌ಗಳು ಬಂದವು. ಎಣ್ಣೆಯ ಡಿಸ್ಕ್ ಬ್ರೇಕು. ಅದಲುಬದಲು ಮಾಡಬೇಕೆಂದರೆ ಕೊಳವೆ ಬಿಚ್ಚಿ, ಎಣ್ಣೆ ತೆಗೆದು, ಮತ್ತೆ ತುಂಬಬೇಕು. ಯಾರೂ ಕೈ ಹಾಕಲಿಲ್ಲ. ಸ್ಪರ್ಧೆಯ ದಿನ ಕಾರ್ಯದರ್ಶಿ ಮಾಡುವ ಪರೀಕ್ಷೆ ನಾನೇ ಎಷ್ಟು ಸಲ ನೋಡಿಲ್ಲ! ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು ಅಲುಗಾಡಿಸಿ, "ನಿಲ್ಲುತ್ತೆ, ಮುಂದೆ" ಎನ್ನುತ್ತಾರೆ. ಎರಡೂ ಒಟ್ಟಿಗೆ ಹಿಡಿದರೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು.

ನನ್ನ ಹೆಗಲು ಮುರಿದದ್ದು ಹಳೆಯ ಬ್ರೇಕೂ ಅಲ್ಲ, ಹಳೆಯ ಕೈಯೂ ಅಲ್ಲ. ಕ್ಲಬ್ಬಿನ ಸೋಮಾರಿತನ.

ಬೇಕರಿಯವಳು ಹೋಗುವಾಗ ಆ ಸೈಕಲ್ ತಳ್ಳಿಕೊಂಡೇ ಹೋದಳು. ಹತ್ತಬೇಡ ಎಂದು ನಾನೇ ಹೇಳಿದ್ದೆ.

ಡಿಸೆಂಬರ್ 15, ಭಾನುವಾರ

ಕ್ಲಬ್ಬಿನ ಕೋಣೆ. ಕಾರ್ಯದರ್ಶಿ ಒಬ್ಬರೇ ಇದ್ದರು, ಬಾಗಿಲು ಹಾಕಿದರು. ಎಲ್ಲ ಹೇಳಿದೆ. ಈ ಸಲ ಸಾಕ್ಷಿ ಸಮೇತ ಬಂದಿದ್ದೇನೆಂದು ಅವರಿಗೆ ಅರ್ಥವಾಯಿತು. ಎದ್ದು ಹೋಗಿ ಕಿಟಕಿಯನ್ನೂ ಮುಚ್ಚಿದರು.

"ಮೇಡಂ, ಒಂದು ಮಾತು. ಸೈಕಲ್‌ಗಳನ್ನೆಲ್ಲ ಒಳಗೆ ತರಿಸಿಕೊಂಡು ಸದ್ದಿಲ್ಲದೆ ಸರಿ ಮಾಡಿಸ್ತೀವಿ. ಆ ಹಾಳೆ ತಾನಾಗೇ ಹಳೇದಾಗುತ್ತೆ. ಕಂಪನಿಯವರ ಕಿವಿಗೆ ಬಿದ್ರೆ ಸೈಕಲ್ ವಾಪಸ್ ತಗೊಂಡು ಹೋಗ್ತಾರೆ, ಹೊಸಬರಿಗೆ ಏನ್ ಕೊಡೋದು ಹೇಳಿ?" ದನಿ ತಗ್ಗಿಸಿ, "ಇನ್ನು ನಿಮಗೆ ಬೇಜಾರಾಗಿದ್ರೆ ಕ್ಷಮೆ ಕೇಳ್ತೀನಿ. ಮನಸ್ಸಿನಿಂದಲೇ. ನಮ್ಮಿಬ್ಬರ ಮಧ್ಯೆ ಇರಲಿ."

"ಸೈಕಲ್ ಯಾವಾಗ ಸರಿ ಹೋಗುತ್ತೆ?"

"ಕ್ಷಮೆ ಅಂದೆ ಮೇಡಂ."

"ಕೇಳಿಸ್ತು. ಸೈಕಲ್ ಯಾವಾಗ?"

"ಜನವರಿ ಸ್ಪರ್ಧೆಗೆ ಮುಂಚೆ."

"ಓಡಿಸೋ ಹುಡುಗ ಹುಡುಗಿಯರಿಗೆ ಯಾಕೆ ಸರಿ ಮಾಡಿದ್ರಿ ಅಂತ ಹೇಳ್ತೀರಾ?"

"ಹೇಳಿದ್ರೆ ಹೆದರ್ಕೋತಾರೆ."

"ಅವರು ಈಗಾಗ್ಲೇ ಹೆದರಿದಾರೆ ಡಾಕ್ಟ್ರೇ. ತಮ್ಮ ಕೈಗೆ ಹೆದರಿದಾರೆ."

ಎದ್ದು ಬಂದೆ. ಮನೆಯಲ್ಲಿ ಇವರಿಗೆ ಹೇಳಿದರೆ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಕ್ಷಮೆ ಕೇಳಿದ್ರಾ? ಅದಕ್ಕೇ ತಾನೆ ನೀನು ಇಷ್ಟು ದಿನ 'ಹಾಳೆ, ಹಾಳೆ' ಅಂತ ಮನೆಯೆಲ್ಲ ಕುಣಿದಾಡಿದ್ದು?"

"ಬಾಗಿಲು ಹಾಕ್ಕೊಂಡು ಕೇಳಿದ್ರು."

"ಅಂದ್ರೆ ತಗೊಳ್ಲಿಲ್ಲ?"

ತೆಗೆದುಕೊಳ್ಳಲು ನೆನಪೇ ಆಗಲಿಲ್ಲ ಎಂದರೆ ನಗುತ್ತಾರೆಂದು ಅಡುಗೆಮನೆಗೆ ಹೋದೆ.

ಡಿಸೆಂಬರ್ 22

ಹಿತ್ತಲಲ್ಲಿ ಪೊರಕೆ ಅಡ್ಡ ಮಲಗಿಸಿ ಇಳಿಯುವ ಅಭ್ಯಾಸ ಮಾಡಿಸಿದೆ, ನಮ್ಮ ಬೇಕರಿ ಹುಡುಗಿಗೆ, ನನ್ನ ಸೈಕಲ್ ಮೇಲೆ. ಮೊದಲು ನಾನು ಮಾಡಿ ತೋರಿಸಬೇಕಾಯಿತು. ಎಷ್ಟೋ ಸಲ. "ಅಕ್ಕ, ಇನ್ನೊಂದ್ಸಲ" ಎನ್ನುತ್ತಾಳೆ. ಎಡಗೈ, ಗೆರೆ, ಪೊರಕೆ ಹಾರು, ಹತ್ತು. ಹೊಸ ಡಿಸ್ಕ್ ಮುಂದೆ ಬೆಣ್ಣೆಯ ಹಾಗೆ ಹಿಡಿಯುತ್ತದೆ. ಹಿಂದಿನದು ಕಿರುಚುತ್ತದೆ, ಕಿರುಚಲಿ.

ಹೆಗಲು ನೋಯಿತೇ ಎಂದು ಇವರು ಕೇಳಿದಾಗ ಹೆಗಲಿನ ನೆನಪಾಯಿತು.

ಅವಳು ಪೂರ್ತಿ ನಿಲ್ಲಿಸದೆ ಇಳಿದಾಗ ಇವರು ಕಿಟಕಿಯಿಂದ ಬಸ್ಸಿನ ಹಾರ್ನ್ ಥರ ಕೂಗಿದರು. ಪಕ್ಕದ ಮನೆಯವರು ಹೊರಗೆ ಬಂದರು.

ಜನವರಿ 5, ಭಾನುವಾರ

ಹಾಳೆ ಇನ್ನೂ ಇದೆ, ಅಂಚು ಹಳದಿಯಾಗಿದೆ. ಹೊಸಬರ ಸೈಕಲ್‌ಗಳನ್ನೆಲ್ಲ ಪರಿಶೀಲನೆಗೆಂದು ಕ್ಲಬ್ಬಿನವರು ವಾಪಸ್ ತೆಗೆದುಕೊಂಡಿದ್ದಾರೆ. ಸ್ಪರ್ಧೆಯ ಬೆಳಿಗ್ಗೆಯೇ ಕೊಡುತ್ತಾರಂತೆ. ಯಾಕೆ ಎಂದು ಕೇಳಿದವರಿಗೆ "ಮಾಮೂಲಿ ಸರ್ವಿಸ್" ಎಂದಿದ್ದಾರೆ.

ಡಾಕ್ಟರ ಬಾಯಿಂದ ಬಂದ ಮಾತಿಗೆ ಒಂದು ವಾರ ಅವಕಾಶ ಕೊಡುತ್ತೇನೆ. ಆ ಮರಗಳ ವಿಷಯದಲ್ಲೂ ಅವರ ಮಾತು ನಂಬಿ ಒಂದು ವಾರ ಕಾದಿದ್ದೆ, ಅಷ್ಟರಲ್ಲಿ ಬುಡಗಳಷ್ಟೇ ಉಳಿದಿದ್ದವು.

ಜನವರಿ 12, ಭಾನುವಾರ

"ನಿನ್ನ ವಿಷಯ ಒಂದು ಮಾತೂ ಎತ್ತಲಿಲ್ವಲ್ಲ" ಎಂದರು ಇವರು, ಮನೆಗೆ ಬರುವಾಗ. "ನಿನ್ನ ಹೆಗಲು, ಆ ಕ್ಷಮೆ, ಏನೂ?"

ಹೌದೇ? ಯೋಚಿಸಿದೆ. ಎತ್ತಲಿಲ್ಲ. ಸಮಯವೂ ಇರಲಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಹುಲ್ಲಿನ ಮೇಲೆ ಇಬ್ಬನಿ, ಕೆಳಗೆ ಮೆತ್ತನೆ ಮಣ್ಣು. ಸ್ಪರ್ಧೆಯ ಆರಂಭಕ್ಕೆ ಎಲ್ಲರೂ ಸಾಲಾಗಿ ನಿಂತಿದ್ದೆವು. ನನಗೆ ಓಡಲು ವೈದ್ಯರ ಅನುಮತಿ ಇರಲಿಲ್ಲ, ಆದರೆ ಸೈಕಲ್ ಹಿಡಿದು ಸಾಲಿನಲ್ಲಿ ನಿಲ್ಲಬಾರದೆಂದು ಅವರು ಹೇಳಿರಲಿಲ್ಲ. ಕಾರ್ಯದರ್ಶಿ ಪರೀಕ್ಷೆ ಮಾಡುತ್ತ ಬಂದರು. ಎರಡೂ ಬ್ರೇಕ್ ಒಟ್ಟಿಗೆ. "ನಿಲ್ಲುತ್ತೆ, ಮುಂದೆ. ನಿಲ್ಲುತ್ತೆ, ಮುಂದೆ." ನನ್ನ ಹತ್ತಿರ ಬಂದು ಮುಂದಿನ ಡಿಸ್ಕನ್ನೂ ಹಿಂದಿನ ಹಳೆಯದನ್ನೂ ನೋಡಿ ಹುಬ್ಬೇರಿಸಿದರು.

"ಡಾಕ್ಟ್ರೇ, ಎಡಗೈ ಮಾತ್ರ ಹಿಡಿದು ತಳ್ಳಿ" ಎಂದೆ.

"ಮೇಡಂ, ಹೊತ್ತಾಗ್ತಿದೆ."

ನಾನೇ ತಳ್ಳಿದೆ. ಗೆರೆ ಬಿತ್ತು. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಎಲ್ಲರಿಗೂ ಹೇಳಿದೆ: "ಎಲ್ಲರೂ ಎಡಗೈ ಬ್ರೇಕ್ ಮಾತ್ರ ಹಿಡಿದು ನಿಮ್ಮ ಸೈಕಲ್ ಮುಂದಕ್ಕೆ ತಳ್ಳಿ. ನೆಲ ನೋಡಿ."

ಹಳಬರಿಗೆ ತಕ್ಷಣ ನೆನಪಾಯಿತು. "ಶಿಳ್ಳೆ ಪರೀಕ್ಷೆ!" ಎಂದು ಯಾರೋ ನಕ್ಕರು. ಅವರವರ ಸೈಕಲ್‌ಗಳು ಒಂದಾದ ಮೇಲೊಂದು ಗೆರೆ ಎಳೆದವು. ಆಮೇಲೆ ಕ್ಲಬ್ಬಿನ ಸೈಕಲ್‌ಗಳ ಸರದಿ. ನಮ್ಮ ಬೇಕರಿ ಹುಡುಗಿ ಮೊದಲು ತಳ್ಳಿದಳು. ಹಿಂದಿನ ಚಕ್ರ ಮೇಲಕ್ಕೆದ್ದಿತು. ಅವಳ ಪಕ್ಕದವನದೂ ಎದ್ದಿತು. ಅದರ ಪಕ್ಕದ್ದೂ ಎದ್ದಿತು. ನಗು ನಿಂತಿತು. ಸಾಲಿನುದ್ದಕ್ಕೂ ಹೊಸಬರು ತಮ್ಮ ತಮ್ಮ ಎಡಗೈ ನೋಡಿಕೊಳ್ಳುತ್ತ ನಿಂತರು.

ಕೊನೆಯಲ್ಲಿದ್ದದ್ದು ಹಳದಿ ಪಟ್ಟಿಯ ಸೈಕಲ್. ನಾನು ಬಿದ್ದದ್ದು. ಹಿಡಿದಿದ್ದವನು ಹೆದರಿ ಹೆದರಿ ತಳ್ಳಿದ. ಮಣ್ಣಿನ ಮೇಲೆ ನೇರವಾಗಿ, ಉದ್ದಕ್ಕೆ, ಅಚ್ಚುಕಟ್ಟಾದ ಗೆರೆ.

ಅದೊಂದನ್ನು ಮಾತ್ರ ಸರಿ ಮಾಡಿಸಿದ್ದರು.

ಕಾರ್ಯದರ್ಶಿ ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಸಮಿತಿಯಲ್ಲಿ ಕೂತು ಮಾತಾಡೋಣ. ಇಲ್ಲಿ ಬೇಡ. ಎಲ್ಲರೂ ನೋಡ್ತಿದಾರೆ" ಎಂದರು.

ನಾನು ಸೈಕಲ್ ಅನ್ನು ಆರಂಭದ ಗೆರೆಗೆ ಅಡ್ಡಲಾಗಿ ನಿಲ್ಲಿಸಿದೆ. ನನ್ನ ಪಕ್ಕದಲ್ಲಿ ಬೇಕರಿ ಹುಡುಗಿ ತನ್ನದನ್ನು ನಿಲ್ಲಿಸಿದಳು, ಅವಳ ಪಕ್ಕದವನು ಅವನದನ್ನು. ದಾರಿ ಪೂರ್ತಿ ಮುಚ್ಚಿತು.

"ನೋಡಲಿ ಅಂತಲೇ ಇಲ್ಲಿ ಕೇಳ್ತಿದೀನಿ ಡಾಕ್ಟ್ರೇ. ನವೆಂಬರ್‌ನಲ್ಲಿ ಗಾಜಿನ ಹಿಂದೆ ಬೀಗ ಹಾಕಿ ಹೇಳಿದ್ರಿ. ಡಿಸೆಂಬರ್‌ನಲ್ಲಿ ಬಾಗಿಲು ಹಾಕ್ಕೊಂಡು ಹೇಳಿದ್ರಿ. ಈಗ ಬಯಲಲ್ಲಿ ಹೇಳಿ. ತಪ್ಪು ಗೊತ್ತಿತ್ತು, ಅದಕ್ಕೇ ಒಂದನ್ನ ಸರಿ ಮಾಡ್ಸಿದ್ರಿ. ಉಳಿದವನ್ನ ಹಾಗೇ ಯಾಕೆ ಈ ಮಕ್ಕಳ ಕೈಗೆ ಕೊಟ್ರಿ? ಉತ್ತರ ನನಗೆ ಬೇಡ. ಅವರ ಕಡೆ ತಿರುಗಿ, ಎಲ್ಲರಿಗೂ ಕೇಳೋ ಹಾಗೆ ಹೇಳಿ."